‘ಸಂಸ್ಕಾರ’ದಲ್ಲಿ ಶವ ಸುಟ್ಟವರು ಯಾರು?

ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದಾಗ. ಅಲ್ಲಿ ನೋಡಿದ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ಪ್ರೇರಣೆಯಾಯಿತು. ಅದರಲ್ಲಿ ಧರ್ಮಯುದ್ಧದಿಂದ ಮರಳಿದ ಯೋಧ ಪ್ಲೇಗು ಹಬ್ಬಿದ ನಾಡಿನಲ್ಲಿ ದೇವರ ಉತ್ತರಕ್ಕಾಗಿ ಹಂಬಲಿಸುತ್ತಾನೆ.

1965ರ ‘ಸಂಸ್ಕಾರ’ದಲ್ಲಿ ಯುದ್ಧವಿಲ್ಲ. ಪ್ಲೇಗು ಇದೆ, ಉತ್ತರ ಸಿಗದ ಪ್ರಶ್ನೆಯೂ ಇದೆ: ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಅವನ ಶವಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ. ಶವ ಕೊಳೆಯುತ್ತದೆ. ಕೊನೆಗೆ ಚಂದ್ರಿ ರಾತ್ರಿ ಕರೆತಂದದ್ದು ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯನ್ನು. ಅವನ ಕಷ್ಟಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪ ಹಣ ಕೊಟ್ಟಿದ್ದ. ಆ ಋಣಕ್ಕೆ ಬ್ಯಾರಿ ಶವವನ್ನು ಗಾಡಿಯಲ್ಲಿ ಸಾಗಿಸಿ ಸುಟ್ಟ. ಪ್ರಸಂಗ ಚಿಕ್ಕದು, ಓದುವಾಗ ಜಾರಿಹೋಗಬಹುದು. ಕಾದಂಬರಿಯ ತಿರುಳು ಮಾತ್ರ ಇಲ್ಲೇ ಇದೆ ಎನಿಸುತ್ತದೆ. ಶವ ಬೂದಿಯಾದ ಮೇಲೂ ಅಗ್ರಹಾರದವರು ಪರಿಹಾರ ಕೇಳಲು ಮಠದ ದಾರಿ ಹಿಡಿಯುತ್ತಾರೆ.