ಮರಿ ತರುವ ಮೊದಲು ಒಂದು ಮಾತು

ನಿಮ್ಮ ಮನೆಯಲ್ಲಿ ನಾಯಿಮರಿ ತರುವ ಮಾತು ನಡೆಯುತ್ತಿದ್ದರೆ, ಮಕ್ಕಳೇ, ಅಡ್ವಾನ್ಸ್ ಕೊಡುವ ಮೊದಲು ಈ ಹಿರಿಯನ ಮಾತು ಸ್ವಲ್ಪ ಕೇಳಿ. ಬಹಳ ವರ್ಷ ಹಳ್ಳಿ, ಹೋಬಳಿಗಳ ಪಶು ಆಸ್ಪತ್ರೆಗಳಲ್ಲಿ ದನದ ಡಾಕ್ಟರಾಗಿದ್ದವನು ನಾನು. ನಿವೃತ್ತನಾಗಿ ಬೆಂಗಳೂರಿಗೆ ಬಂದ ಮೇಲೆ, ಗಾಯಗೊಂಡ ನಾಯಿ ಬೆಕ್ಕುಗಳನ್ನು ಎತ್ತಿ ತಂದು ಆರೈಕೆ ಮಾಡುವ ಹುಡುಗ ಹುಡುಗಿಯರ ಜೊತೆ ಕೈಲಾದಷ್ಟು ಓಡಾಡುತ್ತೇನೆ. ಅವರು ತರುವ ಪ್ರಾಣಿಗಳಲ್ಲಿ ಬೀದಿಯಲ್ಲಿ ಹುಟ್ಟಿ ಬೆಳೆದವು ಇರುತ್ತವೆ. ದುಡ್ಡು ಕೊಟ್ಟು ತಂದು, ಹೆಸರಿಟ್ಟು, ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ ಫೋಟೊ ತೆಗೆಸಿಕೊಂಡ ಜಾತಿನಾಯಿಗಳೂ ಇರುತ್ತವೆ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯವು.

ಊರಾಚೆಯ ರಸ್ತೆಯಲ್ಲಿ ಕಾರಿನಿಂದ ಇಳಿಸಿ ಬಿಟ್ಟುಹೋದ ನಾಯಿ ಏನು ಮಾಡುತ್ತದೆ ಎಂದು ನೀವು ನೋಡಿರಲಾರಿರಿ. ಅದು ಆ ಜಾಗದಿಂದ ಕದಲುವುದಿಲ್ಲ. ಯಾವುದೇ ಕಾರು ಸ್ವಲ್ಪ ನಿಧಾನವಾದರೂ ಎದ್ದು ನಿಂತು ಕಿಟಕಿಯ ಕಡೆ ನೋಡುತ್ತದೆ. ಅನ್ನ ಇಟ್ಟರೆ ಮೂಸಿ ಬಿಡುತ್ತದೆ. ಬೀದಿನಾಯಿಗಳು ಗುಂಪುಕಟ್ಟಿ ಬಂದರೆ ಬಾಲ ಮುದುರಿ ಅಂಗಾತ ಬೀಳುತ್ತದೆ. ಜಗಳವಾಡಿ ತುತ್ತು ಕಿತ್ತುಕೊಳ್ಳುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ, ರಸ್ತೆ ದಾಟುವುದನ್ನೂ ಕಲಿಸಿಲ್ಲ. ನಮ್ಮ ಹುಡುಗರ ಕಣ್ಣಿಗೆ ಬೇಗ ಬಿದ್ದರೆ ಉಳಿಯಿತು, ಇಲ್ಲವಾದರೆ ಲಾರಿಯ ಚಕ್ರಕ್ಕೋ ಹಸಿವಿಗೋ ಹೋಯಿತು.

ಹಿಂದಿನ ಕಾಲವೆಲ್ಲ ಚಿನ್ನ ಎಂದು ನಾನು ಹೇಳುವವನಲ್ಲ. ದೀಪಾವಳಿಯಲ್ಲಿ ನಾಯಿಯ ಬಾಲಕ್ಕೆ ಪಟಾಕಿ ಸರ ಕಟ್ಟಿ ಓಡಿಸಿ ಕೇಕೆ ಹಾಕುವ ಹುಡುಗರು ನಮ್ಮ ಓಣಿಯಲ್ಲೂ ಇದ್ದರು. ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯ ಆಚೆ ದಡಕ್ಕೆ ಬಿಟ್ಟು ಬರುವುದು ಮನೆಮನೆಯ ಪದ್ಧತಿಯಾಗಿತ್ತು. ಪುರಸಭೆಯವರು ವಿಷ ಹಾಕಿ, ಸತ್ತ ನಾಯಿಗಳನ್ನು ಕಸದ ಗಾಡಿಗೆ ತುಂಬಿಕೊಂಡು ಹೋಗುತ್ತಿದ್ದರು. ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಬೇಕೆಂಬ ನಿಯಮ ದೇಶಕ್ಕೆಲ್ಲ ಬಂದದ್ದೇ 2001ರಲ್ಲಿ.

ಆದರೂ ಆ ಕಾಲದ ಒಂದು ನಡವಳಿಕೆ ನೀವು ಉಳಿಸಿಕೊಳ್ಳಬೇಕಾದ್ದು ಅನ್ನಿಸುತ್ತದೆ. ಮನೆಗೆ ಸೇರಿಕೊಂಡ ನಾಯಿ ಕೊನೆಯ ತನಕ ಆ ಮನೆಯದೇ. ಉಳಿದ ಮುದ್ದೆಯೋ ರೊಟ್ಟಿಯೋ ತಿನ್ನುತ್ತಿತ್ತು, ಹೊಲಕ್ಕೆ ಜೊತೆಗೆ ಬರುತ್ತಿತ್ತು, ಕಣ ಕಾಯುತ್ತಿತ್ತು. ಹಲ್ಲು ಉದುರಿ ಕಣ್ಣು ಮಂಜಾದ ಮೇಲೆ ಅಜ್ಜಿ ಅನ್ನ ಮೆತ್ತಗೆ ಕಲಸಿ ಜಗಲಿಯ ಮೂಲೆಯಲ್ಲಿ ಇಡುತ್ತಿದ್ದರು. ಮುದಿಯಾಯಿತು, ಬೇರೆ ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ಆ ಮನೆಗಳಲ್ಲಿ ಹುಟ್ಟುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು ಅಲ್ಲಿದೆ. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಒಂದು ದಿನ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿತ್ತು, ಕಾದಾಟದಲ್ಲಿ ಎರಡೂ ಸತ್ತವು. ಮಣಲೆರ ಅದಕ್ಕಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ, ಪೂಜೆ ತಪ್ಪಿಸಿದವನಿಗೆ ಪಾಪ ತಟ್ಟುತ್ತದೆಂದು ಕೆತ್ತಿಸಿದ. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಕಲ್ಲಿನ ಮೇಲೆ ಇವತ್ತಿಗೂ ಕಾಣುತ್ತದೆ. ವೀರಗಲ್ಲು ಮನುಷ್ಯರಿಗೆ ಮಾತ್ರ ಎಂದುಕೊಂಡವರು ಅದನ್ನು ನೋಡಬೇಕು. ಇಂಥ ನಾಡಿನಲ್ಲಿ ಹುಟ್ಟಿದವರು ನೀವು.

ಈಗಿನ ಕಥೆಗೆ ಬರುತ್ತೇನೆ. 2003ರ ಸುಮಾರಿಗೆ ಟೀವಿಯಲ್ಲಿ ಹಚ್ ಎಂಬ ಮೊಬೈಲ್ ಕಂಪನಿಯ ಜಾಹೀರಾತು ಬಂತು. ಪುಟ್ಟ ಹುಡುಗನ ಹಿಂದೆ ಎಲ್ಲೆಡೆ ಹೋಗುವ ಸುಕ್ಕುಮುಖದ ಪಗ್ ನಾಯಿ. ಜನ ಅದನ್ನು ‘ಹಚ್ ನಾಯಿ’ ಎಂದೇ ಕರೆದರು, ಹಾಗೆಯೇ ಕೇಳಿ ಕೊಂಡರು. ಪೇಟೆ ಬೆಳೆಯಿತು, ಸಿಕ್ಕಸಿಕ್ಕವರೆಲ್ಲ ಮರಿ ಹಾಕಿಸಿ ಮಾರಿದರು. ಆ ತಳಿಯ ಮೂಗು ಮೊಟಕು, ಹೊಳ್ಳೆ ಕಿರಿದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಉಸಿರೇ ಸರಿಯಾಗಿ ಆಡದ ನಾಯಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಏನಾಗಬೇಕು? ‘ಮಲಗಿದರೆ ಮನುಷ್ಯರ ಥರ ಗೊರಕೆ ಹೊಡೆಯುತ್ತೆ ಡಾಕ್ಟ್ರೇ’ ಎಂದು ನಕ್ಕು ಹೇಳುತ್ತಾರೆ. ಅದು ಗಾಳಿಗಾಗಿ ಒದ್ದಾಡುವ ಸದ್ದು ಎಂದು ನಾನು ತಿಳಿಸಿ ಹೇಳಬೇಕಾಗುತ್ತದೆ. ಪಗ್ ಆದ ಮೇಲೆ ಹಸ್ಕಿ ಬಂತು. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ, ಎರಡು ಪದರ ತುಪ್ಪಳದ ನಾಯಿ ಬಳ್ಳಾರಿ, ಕಲಬುರಗಿಯ ಬಾಡಿಗೆ ಮನೆಗಳಲ್ಲಿದೆ. ಅದರ ನೀಲಿ ಕಣ್ಣಿಗೆ ಮರುಳಾಗಿ ತಂದವರು ಬೇಸಿಗೆ ಬರುವಾಗ ಕಂಗಾಲಾಗುತ್ತಾರೆ.

2022ರಲ್ಲಿ ಬಂದ ‘777 ಚಾರ್ಲಿ’ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ಅಳುತ್ತ ನೋಡಿದ್ದೀರಿ. ಆ ಕಥೆಯ ಚಾರ್ಲಿ, ಮರಿ ಮಾರುವವನೊಬ್ಬನ ಕಿರುಕುಳ ತಾಳಲಾರದೆ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್. ಒಂದೇ ರಕ್ತದಲ್ಲಿ ಮತ್ತೆ ಮತ್ತೆ ತಳಿ ತೆಗೆದರೆ ಎಂಥ ಕಾಯಿಲೆ ಬರುತ್ತದೆ ಎಂದು ಆ ಚಿತ್ರ ಹೇಳಿತು. ಸಿನಿಮಾ ನೋಡಿ ಅತ್ತ ನೀವು ಮರಿ ಕೊಳ್ಳಲು ಹೋದಾಗ ಅದರ ತಾಯಿಯನ್ನು ತೋರಿಸಿ ಎಂದು ಕೇಳಿದ್ದೀರಾ? ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಿಯಮವಿದೆ. ಒಂದು ಸಲ ಮರಿ ಹಾಕಿಸಿ ಮಾರುವವನೊಬ್ಬನ ಶೆಡ್ಡಿನಿಂದ ಬಿಡಿಸಿ ತಂದ ಹೆಣ್ಣುನಾಯಿಯನ್ನು ಹುಲ್ಲಿನ ಮೇಲೆ ಬಿಟ್ಟೆವು. ಅದು ಕಾಲಿಡಲು ಹೆದರಿತು. ಮುಂಗಾಲೆತ್ತಿ ಹಿಡಿದು ಹಾಗೆಯೇ ನಡುಗುತ್ತ ನಿಂತಿತು. ಕೆಚ್ಚಲು ನೆಲಕ್ಕೆ ತಾಗುವಷ್ಟು ಜೋತಿತ್ತು. ಸುತ್ತಲೂ ಬಯಲಿದ್ದರೂ ತನ್ನ ಗೂಡಿನಷ್ಟೇ ಜಾಗದಲ್ಲಿ ಸುತ್ತು ಹಾಕುತ್ತಿತ್ತು. ನೀವು ಕೊಳ್ಳುವ ಮುದ್ದು ಮರಿಯ ತಾಯಿ ಹೀಗಿರಬಹುದು ಎಂಬುದು ನಿಮ್ಮ ತಲೆಯಲ್ಲಿರಲಿ.

ಹಿಂಸೆ ಎಂದರೆ ದೊಣ್ಣೆ, ಕಲ್ಲು, ಬಿಸಿನೀರು ಎಂದು ನೀವು ಅಂದುಕೊಂಡಿರಬಹುದು. ನಾನು ಕಂಡ ನರಳಾಟದಲ್ಲಿ ಬಹುಪಾಲು ಅಂಥದ್ದಲ್ಲ. ಒಂದು ನಾಯಿಯ ವಿಚಾರ ಹೇಳುತ್ತೇನೆ. ಅದರ ತೊಂದರೆ ಮೊದಲು ಗೊತ್ತಾದದ್ದು ವಾಸನೆಯಿಂದ. ಮೇಲೆ ನೋಡಿದರೆ ಕುತ್ತಿಗೆಯ ಕೂದಲು ಅಂಟಂಟಾಗಿತ್ತು, ಅಷ್ಟೆ. ಕೂದಲು ಬೋಳಿಸಿದಾಗ ಬೆಲ್ಟು ಕಾಣಲೇ ಇಲ್ಲ. ಬೆರಳಿಟ್ಟು ಹುಡುಕಿದರೆ ಮಾಂಸದೊಳಗೆ ಇತ್ತು. ಮರಿಯಾಗಿದ್ದಾಗ ಕಟ್ಟಿದ ಬೆಲ್ಟು. ಮರಿ ಬೆಳೆಯಿತು, ಬೆಲ್ಟು ಬೆಳೆಯಲಿಲ್ಲ. ಚರ್ಮ ಕೊಯ್ದುಕೊಂಡು ಒಳಗೆ ಇಳಿದು, ಮೇಲೆ ಹೊಸ ಚರ್ಮ ಮುಚ್ಚಿ, ಸುತ್ತಲೂ ಹುಳ ಬಿದ್ದಿತ್ತು. ಅರಿವಳಿಕೆ ಕೊಟ್ಟು ತುಂಡುತುಂಡಾಗಿ ಕತ್ತರಿಸಿ ತೆಗೆದೆವು. ಆ ಬೆಲ್ಟಿಗೆ ಒಂದು ಗೆಜ್ಜೆ ಕಟ್ಟಿತ್ತು, ಕೀವಿನಲ್ಲಿ ಮುಚ್ಚಿಹೋಗಿತ್ತು. ಪ್ರೀತಿಯಿಂದಲೇ ಕಟ್ಟಿದ್ದ ಗೆಜ್ಜೆ. ಆ ಮನೆಯವರು ಕೆಟ್ಟವರಲ್ಲ. ‘ದಿನಾ ಊಟ ಹಾಕ್ತಿದ್ವಿ ಸಾರ್’ ಎಂದು ಕಣ್ಣೀರು ಹಾಕಿದರು. ನಿಜ, ಹಾಕುತ್ತಿದ್ದರು. ಟೆರೇಸಿನ ಬಾಗಿಲು ತೆಗೆದು ತಟ್ಟೆ ತಳ್ಳಿ ಬರುತ್ತಿದ್ದರು. ತಿಂಗಳುಗಟ್ಟಲೆ ಯಾರೂ ಅದರ ಕುತ್ತಿಗೆ ಸವರಿರಲಿಲ್ಲ.

ಹಾಗಾಗಿ ನಾಯಿ ಸಾಕಿದವರು ದಿನಕ್ಕೊಮ್ಮೆ ಅದರ ಮೈ ಮುಟ್ಟಿ ನೋಡಿ. ಬೆಲ್ಟಿನ ಅಡಿಯಲ್ಲಿ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಇದೆಯೇ ನೋಡಿ. ನೀರಿನ ಬಟ್ಟಲು ಬಿಸಿಲಿಗೆ ಕಾದಿದೆಯೇ ಎಂದು ಕೈ ಅದ್ದಿ ನೋಡಿ. ಬೆಳಿಗ್ಗೆ, ಸಂಜೆ ಹೊರಗೆ ನಡೆಸಿ. ಇದಕ್ಕೆ ಪುರುಸೊತ್ತಿಲ್ಲದವರು ಪ್ರಾಣಿ ಸಾಕುವ ಆಸೆಯನ್ನು ಸದ್ಯಕ್ಕೆ ಬದಿಗಿಡುವುದೇ ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಕಲಾಕ್ಷೇತ್ರ ಕಟ್ಟಿದ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದರು. ಅವರ ಆ ಪಟ್ಟಿನ ಫಲವಾಗಿಯೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹುಟ್ಟಿತು. ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಎಲ್ಲೋ ಬಿಟ್ಟುಬರುವುದು ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ದುಃಖದ ಸಂಗತಿ ಎಂದರೆ ಮೊದಲ ತಪ್ಪಿಗೆ ಆ ಕಾಯ್ದೆ ಹಾಕಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಅದು ದೊಡ್ಡ ಹಣ, ಇವತ್ತು ಒಂದು ತಿಂಡಿಗೂ ಸಾಲದು. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲಿಗೆ ಅವಕಾಶವಿದೆ.

2016ರ ಜುಲೈಯಲ್ಲಿ ಚೆನ್ನೈನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ವೈದ್ಯಕೀಯ ಓದುತ್ತಿದ್ದ ಹುಡುಗನೊಬ್ಬ ನಾಯಿಯನ್ನು ಎತ್ತರದ ಮಹಡಿಯಿಂದ ಎಸೆದ. ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ. ದಿನಗಳು ಕಳೆದ ಮೇಲೆ ಆ ನಾಯಿ ಮೂಳೆ ಮುರಿದುಕೊಂಡು, ಜೀವಂತವಾಗಿ ಸಿಕ್ಕಿತು. ಕಾಪಾಡಿದವರು ಅದಕ್ಕೆ ಭದ್ರಾ ಎಂದು ಹೆಸರಿಟ್ಟರು. ಆ ಸುದ್ದಿಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಎಸೆದವನಿಗಿಂತ ಹೆಚ್ಚಾಗಿ ಫೋನು ಹಿಡಿದು ನಿಂತವನು. ‘ಬೇಡ ಕಣೋ’ ಎಂಬ ಎರಡು ಮಾತು ಅವನ ಬಾಯಿಂದ ಬಂದಿದ್ದರೆ ಸಾಕಿತ್ತು. ನಿಮ್ಮ ಗುಂಪಿನಲ್ಲೂ ಒಬ್ಬ ಗೆಳೆಯ ಬೆಕ್ಕಿನ ಮರಿಯನ್ನು ಒದ್ದು ರೀಲ್ ಮಾಡಲು ಹೊರಡಬಹುದು. ನಗಬೇಡಿ, ಹಂಚಬೇಡಿ. ಕೈ ಹಿಡಿದು ನಿಲ್ಲಿಸಿ. ಸ್ನೇಹ ಕೆಟ್ಟರೂ ಚಿಂತೆಯಿಲ್ಲ.

ಕಾಪಾಡುವ ಕೆಲಸಕ್ಕೆ ಇಳಿಯುವ ಮಕ್ಕಳಿಗೂ ಎರಡು ಮಾತು. ನಿಮ್ಮ ಹುಮ್ಮಸ್ಸು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ, ಆದರೆ ಹೆದರಿಕೆಯೂ ಆಗುತ್ತದೆ. ಗಾಯಗೊಂಡ ನಾಯಿಯ ಎದುರಿಗೆ ನೇರ ಹೋಗಿ ಕಣ್ಣಲ್ಲಿ ಕಣ್ಣಿಟ್ಟು ಕೈ ಚಾಚಬೇಡಿ. ಪಕ್ಕದಿಂದ ಹೋಗಿ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ಮಾತಾಡಿಸಿ, ಅದೇ ಮೂಸಲಿ. ನೋವಿನಲ್ಲಿರುವ ನಾಯಿ ತನ್ನವರನ್ನೇ ಕಚ್ಚುತ್ತದೆ. ಎತ್ತುವ ಮೊದಲು ಬಟ್ಟೆಯಿಂದ ಮೂತಿ ಸುತ್ತಿ, ಉಸಿರಾಟಕ್ಕೆ ತೊಂದರೆಯಾಗದಂತೆ. ಬೆನ್ನು ಮುರಿದಿರಬಹುದು ಅನ್ನಿಸಿದರೆ ಹಲಗೆ ಅಥವಾ ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೆ ಸರಿಸಿ. ಪ್ರಜ್ಞೆ ಸರಿಯಿಲ್ಲದ ಪ್ರಾಣಿಯ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹಲ್ಲು ತಾಗಿ ಗೀರಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೇಬೀಸ್ ಬಂದ ಮೇಲೆ ಔಷಧವಿಲ್ಲ.

ಎತ್ತಿ ತಂದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದೂ ಗೊತ್ತಿರಲಿ. ಡ್ರೆಸ್ಸಿಂಗ್ ಮಾಡಬೇಕು, ಔಷಧಿ ತಿನ್ನಿಸಬೇಕು, ಪೊರಕೆ ಕಂಡರೆ ಮಂಚದಡಿ ಸೇರುವ ಪ್ರಾಣಿಯ ಭಯ ಹೋಗುವವರೆಗೆ ಕಾಯಬೇಕು. ತಿಂಗಳುಗಳೇ ಬೇಕಾಗಬಹುದು. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮಹಿಳೆ ದಿಲ್ಲಿ, ಜೈಪುರಗಳಲ್ಲಿ ಇದೇ ಕೆಲಸ ಮಾಡಿ, ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಸಂಸ್ಥೆ ಆರಂಭಿಸಿದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಸಂಸ್ಥೆ ನಡೆಯುತ್ತಲೇ ಇದೆ. ಮೈಸೂರಿನಲ್ಲಿ, ಮಂಗಳೂರಿನಲ್ಲಿಯೂ ಇಂಥ ಆಶ್ರಯಗಳಿವೆ. ಇಂಥ ಯಾವ ಕಡೆಯಲ್ಲೂ ದುಡ್ಡಿನಷ್ಟೇ ಕೈಗಳ ಕೊರತೆಯೂ ಇದೆ. ಭಾನುವಾರ ಎರಡು ತಾಸು ಹೋಗಿ ನಾಯಿಗಳಿಗೆ ಸ್ನಾನ ಮಾಡಿಸಿ, ಗೂಡು ತೊಳೆಯಿರಿ. ಮನೆಯಲ್ಲಿ ಸಾಕಲಾಗದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಾಕಬಲ್ಲವರು ಅಲ್ಲಿಂದಲೇ ಒಂದು ನಾಟಿ ನಾಯಿಯನ್ನು ದತ್ತು ತನ್ನಿ. ನಮ್ಮ ಹವೆಗೆ ಹೊಂದಿಕೊಂಡ ಮೈ ಅದರದು.

ಈಗಾಗಲೇ ತಂದು, ಸಾಕಲಾಗದೆ ಒದ್ದಾಡುತ್ತಿರುವವರೂ ನಿಮ್ಮಲ್ಲಿ ಇರಬಹುದು. ಕೆಲಸ ಬೇರೆ ಊರಿಗೆ ಹೋಯಿತು, ಮನೆ ಮಾಲೀಕರು ಒಪ್ಪಲಿಲ್ಲ, ಮಗುವಿಗೆ ಅಲರ್ಜಿಯಾಯಿತು. ಕಷ್ಟ ನಿಜವೇ. ಊರಾಚೆ ಬಿಟ್ಟುಬರಲು ರಾತ್ರಿ ನಾಯಿಯನ್ನು ಕಾರು ಹತ್ತಿಸುವ ಮೊದಲು ನೆಂಟರನ್ನು ಕೇಳಿ, ಆಫೀಸಿನಲ್ಲಿ ಕೇಳಿ, ನಿಮ್ಮ ನಾಯಿಯ ಡಾಕ್ಟರನ್ನು ಕೇಳಿ, ಆಶ್ರಯದವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದು ತಿಂಗಳು ಹಿಡಿಯಬಹುದು, ಎರಡು ಹಿಡಿಯಬಹುದು, ಆದರೆ ಮನೆ ಸಿಗುತ್ತದೆ.

ಹಾಗೆಯೇ ನಿಮ್ಮ ಬೀದಿಯಲ್ಲಿ ಹಗಲೂ ರಾತ್ರಿ ಕಟ್ಟಿಹಾಕಿದ ನಾಯಿಯೊಂದು ಇದ್ದೇ ಇರುತ್ತದೆ. ಆ ಮನೆಯವರ ಮೇಲೆ ಕೂಗಾಡಬೇಡಿ, ವಿಡಿಯೊ ಮಾಡಿ ಮಾನ ಕಳೆಯಬೇಡಿ. ‘ಆಂಟಿ, ಸಂಜೆ ಅರ್ಧ ಗಂಟೆ ನಾನು ವಾಕಿಂಗ್ ಕರ್ಕೊಂಡು ಹೋಗ್ಲಾ?’ ಎಂದು ಕೇಳಿ ನೋಡಿ. ಅವರು ಒಪ್ಪಿದರೆ, ಸರಪಳಿ ಬಿಚ್ಚುವ ಮೊದಲು ಅದರ ಕುತ್ತಿಗೆಯ ಬೆಲ್ಟಿನ ಕೆಳಗೆ ಎರಡು ಬೆರಳು ಹಾಕಿ ನೋಡುವುದನ್ನು ಮರೆಯಬೇಡಿ.