ಕೀಳುವ ಕೈಯೇ ನೆಡಲಿ

ಗೋಮಾಳ ಉಳಿಸಲು ಹೊರಟ ತಮ್ಮಂದಿರೇ, ತಂಗಿಯರೇ,

ನೀವು ಕೊಟ್ಟುಹೋದ ಕಾರ್ಯಕ್ರಮಗಳ ಪಟ್ಟಿ ಓದಿದೆ. ಬೈಕ್ ರ್‍ಯಾಲಿ, ಪಂಜಿನ ಮೆರವಣಿಗೆ, ಮಾನವ ಸರಪಳಿ, ಬೀದಿನಾಟಕ, ಸಹಿ ಸಂಗ್ರಹ, ಕೊನೆಗೆ ತಾಲ್ಲೂಕು ಕಚೇರಿ ಎದುರು ಧರಣಿ. ಊರಿನ ಸೊತ್ತಿನ ಬಗ್ಗೆ ಈ ವಯಸ್ಸಿನಲ್ಲೇ ನಿಮಗಿಷ್ಟು ಕಳಕಳಿ ಇರುವುದು ನನಗೆ ದೊಡ್ಡ ಸಂತೋಷ. ಆದರೆ ಪಟ್ಟಿ ಮುಗಿದರೂ ನೀವು ಯಾರಲ್ಲಿ ಏನು ಕೇಳುತ್ತಿದ್ದೀರಿ ಎಂಬುದು ನನಗೆ ತಿಳಿಯಲಿಲ್ಲ. ‘ಗೋಮಾಳ ಉಳಿಸಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಒತ್ತುವರಿ ಮಾಡಿದವರೂ ಸೇರಿದಂತೆ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಅಳೆಯಬೇಕಾದವರು ಯಾರು, ತೆರವಿಗೆ ಆದೇಶ ಮಾಡಬೇಕಾದವರು ಯಾರು, ಎಂದಿನೊಳಗೆ? ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಲು ಬರುವ ತನಕ ಬ್ಯಾನರ್ ಬರೆಸಬೇಡಿ.

ಕುಸನೂರಿನ ಸುದ್ದಿ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಈಗ ಹಾವೇರಿ ಜಿಲ್ಲೆಯಲ್ಲಿದೆ, ಆಗ ಧಾರವಾಡಕ್ಕೆ ಸೇರಿತ್ತು. 1980ರ ದಶಕದಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿದವು. ಊರವರು ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಸುಮಾರು 75,000 ಎಕರೆ ಜಾಗದಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸುವ ಯೋಜನೆ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದರ ವಿರುದ್ಧ ನಿಂತಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕೋರ್ಟಿನ ಕೆಲಸ ನಡೆದಿರುವಾಗಲೇ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವಾಯಿತು. ಸುಮಾರು 2,000 ಜನ, ಹೆಂಗಸರು ಮಕ್ಕಳೆಲ್ಲ, ವಾದ್ಯ ಬಾರಿಸುತ್ತಾ ನೀಲಗಿರಿ ನೆಟ್ಟಿದ್ದ ಜಾಗಕ್ಕೆ ನಡೆದರು. 100 ಸಸಿ ಕಿತ್ತರು. ಅದೇ ಜಾಗದಲ್ಲಿ ಹಣ್ಣಿಗೂ ಮೇವಿಗೂ ಆಗುವ ಗಿಡ ನೆಟ್ಟರು. ಇವಕ್ಕೆ ನೀರು ಹಾಕಿ ಕಾಪಾಡುತ್ತೇವೆ ಎಂದು ಪ್ರತಿಜ್ಞೆ ಮಾಡಿ ಮನೆಗೆ ಹೋದರು.

ಆ 100 ಎಂಬ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿ. 2,000 ಜನ ಮನಸ್ಸು ಮಾಡಿದ್ದರೆ ಮಧ್ಯಾಹ್ನದೊಳಗೆ ತೋಪನ್ನೇ ಬಯಲು ಮಾಡಬಹುದಿತ್ತು. ಎಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿಕೊಂಡೇ ಹೊರಟವರು ಮಾತ್ರ 100ಕ್ಕೆ ನಿಲ್ಲುತ್ತಾರೆ. ಇನ್ನೊಂದು ವಿಷಯ: ಅಲ್ಲಿ ಭಾಷಣ ಕೇಳದವನಿಗೂ ಬೇಡಿಕೆ ಅರ್ಥವಾಗುತ್ತಿತ್ತು. ಏನು ಬೇಡ, ಏನು ಬೇಕು, ಎರಡನ್ನೂ ಕೈಯೇ ಹೇಳಿತು. ಆ ಪಲ್ಪ್‌ವುಡ್ ಸಂಸ್ಥೆಯನ್ನು 1991ರಲ್ಲಿ ಸರ್ಕಾರ ಮುಚ್ಚಿತು. ಒಂದು ದಿನದ ಸತ್ಯಾಗ್ರಹದಿಂದಲೇ ಮುಚ್ಚಿತೆಂದು ನಾನು ಹೇಳಲಾರೆ. ಕೋರ್ಟು, ಪತ್ರಿಕೆ, ಹಳ್ಳಿಹಳ್ಳಿಯ ಸಭೆ ಎಲ್ಲ ಕೂಡಿತ್ತು. ಆದರೆ ಜನ ಇಂದಿಗೂ ನೆನೆಯುವುದು ಆ ದಿನವನ್ನು.

ನಿಮ್ಮ ಪಟ್ಟಿಯಲ್ಲಿ ಬೇಡಿಕೆಯನ್ನು ಹೀಗೆ ಹೊತ್ತ ಕೆಲಸ ಒಂದೂ ಇಲ್ಲ. ನಾನೊಂದು ಸೂಚಿಸಲೇ? ದನ ಎಣಿಸಿ. ನಮ್ಮ ರಾಜ್ಯದ ಭೂಕಂದಾಯ ನಿಯಮದಂತೆ ಪ್ರತಿ 100 ದನಕ್ಕೆ 30 ಎಕರೆಯಂತೆ ಗೋಮಾಳ ಕಾದಿರಿಸಬೇಕು. ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ, ಕೊಟ್ಟಿಗೆಯಲ್ಲಿ ನಿಂತು ಎಣಿಸಿ. ಊರಲ್ಲಿ ದನ ಎಷ್ಟು, ನಿಯಮದಂತೆ ಎಷ್ಟು ಎಕರೆ ಬೇಕು, ದಾಖಲೆಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂಬ ನಾಲ್ಕು ಸಾಲನ್ನು ಹಾಲಿನ ಡೇರಿಯ ಗೋಡೆಗೆ ಹಚ್ಚಿ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಬರುವ ಪ್ರತಿಯೊಬ್ಬರೂ ಓದುತ್ತಾರೆ, ಓದು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಎಣಿಸಲು ಹೋದಾಗ ಮಾತೂ ಬೆಳೆಯುತ್ತದೆ. ಮೇವಿಲ್ಲದೆ ಎಮ್ಮೆ ಮಾರಿದ ಅಜ್ಜಿ ತಾನಾಗಿಯೇ ನಿಮ್ಮ ಸಭೆಗೆ ಬರುತ್ತಾಳೆ.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ನಮ್ಮ ಗೋಮಾಳದಲ್ಲಿ ಉಳುತ್ತಿರುವವರೆಲ್ಲ ಒಂದೇ ಥರದವರಲ್ಲ. ಬೇಲಿ ಹಾಕಿ ನಿವೇಶನ ಮಾಡಲು ಹೊರಟವರಿದ್ದಾರೆ. ಬೇರೆ ಗೇಣು ನೆಲವಿಲ್ಲದೆ ಎರಡೆಕರೆಯಲ್ಲಿ ಜೋಳ ಬೆಳೆದುಕೊಂಡು, ಫಾರಂ 50, 53, 57 ಎಂದು ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರೂ ಇದ್ದಾರೆ. ಸಾಮುದಾಯಿಕ ಭೂಮಿಯ ಒತ್ತುವರಿ ತೆರವು ಮಾಡಿಸಿ ಎಂದು ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅದೇ ತೀರ್ಪು ಭೂಹೀನರಿಗೂ ಪರಿಶಿಷ್ಟರಿಗೂ ಸರ್ಕಾರವೇ ಮಂಜೂರು ಮಾಡಿದಂಥ ಪ್ರಕರಣಗಳನ್ನು ಬೇರೆಯಾಗಿ ನೋಡಲು ಅವಕಾಶ ಬಿಟ್ಟಿದೆ. ಮೆರವಣಿಗೆಯ ಕೂಗಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೆಸಿಬಿ ಬಂದರೆ ಮೊದಲು ನುಗ್ಗುವುದು ದನಿಯಿಲ್ಲದವರ ಹೊಲಕ್ಕೆ. ಆದ್ದರಿಂದ ಆ ಬಡವರ ಮನೆಗಳಿಗೆ ನೀವೇ ಮೊದಲು ಹೋಗಿ. ಅವರ ಅರ್ಜಿ ಏನಾಗಿದೆ ಎಂದು ವಿಚಾರಿಸಿ, ಅವರ ವಿಷಯದಲ್ಲಿ ನಿಮ್ಮ ನಿಲುವೇನು ಎಂದು ಬರೆದಿಟ್ಟುಕೊಳ್ಳಿ, ಬೇಡಿಕೆ ಪತ್ರದಲ್ಲೂ ಅದು ಇರಲಿ. ಕೇರಿಯ ಹತ್ತು ಮನೆಯನ್ನು ಎದುರು ಹಾಕಿಕೊಂಡು ಗೆದ್ದ ಗೋಮಾಳ ಊರಿನದಾಗುವುದಿಲ್ಲ. ಇದರಲ್ಲಿ ನಾನು ಯಾರ ಜೊತೆಗೂ ರಾಜಿಯಾಗಲಾರೆ.

ಕಾಗದದ ಕೆಲಸಕ್ಕೆ ಕಾಲ ಬೇಕು, ಅದಕ್ಕೇ ಅದು ಮೊದಲಾಗಬೇಕು. ನಾಡಕಚೇರಿಯಿಂದ ಪಹಣಿ ತೆಗೆಸಿ. ಆಕಾರಬಂದ್, ಗ್ರಾಮನಕ್ಷೆ ಬೇಕು. ಸಿಗದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವಿದೆ, ನಿಮ್ಮ ಉಳಿದ ದಿನಾಂಕಗಳನ್ನು ಅಲ್ಲಿಂದ ಮುಂದಕ್ಕೆ ಎಣಿಸಿಕೊಳ್ಳಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿದರೆ ಚಪ್ಪಾಳೆಗೆ ಮರುಳಾಗಿ ಎದ್ದು ಬರಬೇಡಿ. ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಕೈಗೆ ಬರುವ ತನಕ ಪಿಡಿಒ ಅವರ ಬೆನ್ನು ಬಿಡಬೇಡಿ.

ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮೊದಲು ಊರಿನ ದುಡಿಮೆ ನೋಡಿ. ನೀವು ಧರಣಿಯನ್ನು ಜೂನ್ ಮೊದಲ ವಾರಕ್ಕಿಟ್ಟಿದ್ದೀರಿ. ಮಳೆ ಬಿದ್ದರೆ ಬಿತ್ತನೆ ಬಿಟ್ಟು ಯಾರು ಬಂದಾರು? ಬೆಳಿಗ್ಗೆ ಹತ್ತಕ್ಕೆ ಸಭೆ ಎಂದರೆ ಕೂಲಿಗೆ ಹೋಗುವವರು ಆ ದಿನದ ಕೂಲಿಯನ್ನೇ ಬಿಡಬೇಕು. ಪಂಜಿನ ಮೆರವಣಿಗೆ ರಾತ್ರಿ ಎಂಟಕ್ಕೆ ಎಂದಿದ್ದೀರಿ, ಹೆಣ್ಣುಮಕ್ಕಳು ಒಲೆಯ ಮುಂದಿರುವ ಹೊತ್ತು. ಸಂಜೆ ಡೇರಿಗೆ ಹಾಲು ಹಾಕಿ ಅಡುಗೆಗೆ ಕೂರುವ ಮುಂಚಿನ ಒಂದು ಗಂಟೆ ಸಿಗುತ್ತದೆ, ಅದನ್ನೇ ಹಿಡಿಯಿರಿ. ಯಾವ ಹೊತ್ತು ಅನುಕೂಲ ಎಂದು ಅವರನ್ನೇ ಕೇಳಿ ಬರೆದಿದ್ದರೆ ಈ ಪಟ್ಟಿಯೇ ಬೇರೆಯಾಗಿರುತ್ತಿತ್ತು.

ಪೊಲೀಸರಿಗೆ ಮೊದಲೇ ಬರೆದುಕೊಡಿ, ಮೈಕಿಗೆ ಅನುಮತಿ ಪಡೆಯಿರಿ. ಚಂದಾ ಎತ್ತಿದರೆ ಪೈಸೆ ಪೈಸೆಯ ಲೆಕ್ಕವನ್ನೂ ಅದೇ ಡೇರಿ ಗೋಡೆಗೆ ಹಚ್ಚಿ. ಬರುವ ಚುನಾವಣೆಗೆ ನಿಲ್ಲುವ ಆಸೆಯಿರುವವರ ದುಡ್ಡು ಬೇಡ.

ಅಳತೆಗೆ ಭೂಮಾಪಕರು ಬರುವ ದಿನ ನಿಮ್ಮ ಎಲ್ಲ ಕಾರ್ಯಕ್ರಮಗಳಿಗಿಂತ ದೊಡ್ಡದು. ಅಂದು ಜನ ಹೆಚ್ಚು ಬೇಕಿಲ್ಲ, ಗಡಿ ಬಲ್ಲವರು ಬೇಕು. ಹಳೆಯ ಬಾಂದು ಕಲ್ಲು ಎಲ್ಲೆಲ್ಲಿತ್ತು ಎಂದು ಕಣ್ಣಾರೆ ಕಂಡವರು ಊರಲ್ಲಿ ಈಗ ಕೆಲವರೇ ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ. ಅವರನ್ನು ಈ ವಾರವೇ ಗೋಮಾಳಕ್ಕೆ ಕರೆದುಕೊಂಡು ಹೋಗಿ, ಅವರು ತೋರಿಸಿದ ಜಾಗಗಳನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ಬಿಸಿಲು ಏರುವ ಮುಂಚೆ ಹೊರಟರೆ ನಾನೂ ಬರುತ್ತೇನೆ.