ವರ್ಷದ ನಡುವೆ ಹೊರಡುವ ಮಕ್ಕಳು

ಬಸವನಗುಡಿ ಜಯನಗರಗಳ ಸೀಮೆಯಲ್ಲಿ ಉಪಾಧ್ಯಾಯರ ಮಾತು ಬಂದೊಡನೆ ಡಾ. ಎಚ್. ನರಸಿಂಹಯ್ಯನವರ ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ; ಅದು ಸಹಜವೂ ಹೌದು, ನ್ಯಾಯವೂ ಹೌದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬನು 1935ರಲ್ಲಿ, ರೈಲಿನ ಟಿಕೆಟ್ಟಿಗೆ ಹಣವಿಲ್ಲದೆ, ಸುಮಾರು 80 ಕಿಲೋಮೀಟರುಗಳ ದಾರಿಯನ್ನು ನಡೆದೇ ಸವೆಸಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿ, ಕಾಲಕ್ರಮದಲ್ಲಿ ಭೌತವಿಜ್ಞಾನದ ಅಧ್ಯಾಪಕನಾಗಿ, ಅಮೆರಿಕದ ಒಹಾಯೋದಲ್ಲಿ ಡಾಕ್ಟರೇಟ್ ಪದವಿ ಪಡೆದು ಮರಳಿ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಕಟ್ಟಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದೂ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನೇ ಮನೆಯೆಂದು ಭಾವಿಸಿ ಬಾಳಿದ ವೃತ್ತಾಂತವು ನಮ್ಮಲ್ಲಿ ಯಾರಿಗೆ ತಾನೆ ತಿಳಿಯದು? ಆದರೆ ನನ್ನ ಮನಸ್ಸು ಈ ವೃತ್ತಾಂತದ ಮೊದಲ ಭಾಗದಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹುಡುಗನು ಗುರುತು ಪರಿಚಯವಿಲ್ಲದ ಪಟ್ಟಣಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಧೈರ್ಯ ಮಾಡಿದ್ದು, ಹೊಸೂರಿನಲ್ಲಿ ತನಗೆ ಪಾಠ ಹೇಳಿದ ಮೇಷ್ಟರೊಬ್ಬರ ಮೇಲಿನ ಭರವಸೆಯಿಂದ. ಒಂದು ಊರಿನ ಶಾಲೆಯಿಂದ ಇನ್ನೊಂದು ಊರಿನ ಶಾಲೆಗೆ ಮಗುವೊಂದು ದಾಟುವಾಗ, ಆ ದಾಟುವಿಕೆಯ ಎರಡು ದಡಗಳಲ್ಲಿಯೂ ಒಬ್ಬೊಬ್ಬ ಉಪಾಧ್ಯಾಯನು ನಿಂತಿರಬೇಕು ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನ ವೃತ್ತಿಯಿಂದ.

ನಾನು ಗಣಿತದ ಉಪಾಧ್ಯಾಯ. ನನ್ನ ಸೇವೆಯ ಬಹುಭಾಗವು ಜೆ.ಪಿ. ನಗರದ ಅಂಚಿನ ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಂದಿತು. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಜಯನಗರವು ನಾನು ವೃತ್ತಿಗೆ ಬರುವ ವೇಳೆಗೆ ತುಂಬಿ, ಊರು ಅಲ್ಲಿಂದ ದಕ್ಷಿಣಕ್ಕೆ ಹರಿಯತೊಡಗಿತ್ತು. ಜೆ.ಪಿ. ನಗರದ ಏಳನೆಯ ಹಂತ, ಪುಟ್ಟೇನಹಳ್ಳಿ, ಬನಶಂಕರಿಯ ಆರನೆಯ ಹಂತ, ಬಿ.ಟಿ.ಎಂ. ಬಡಾವಣೆಯ ಆಚೆಯ ಕೆರೆಯಂಗಳಗಳು—ಎಲ್ಲೆಲ್ಲಿ ನೋಡಿದರೂ ಸೆಂಟ್ರಿಂಗಿನ ಹಲಗೆಗಳೂ ಕಬ್ಬಿಣದ ಸರಳುಗಳೂ ಕಾಣುತ್ತಿದ್ದುವು. ಆ ಮನೆಗಳನ್ನು ಕಟ್ಟಲು ಯಾದಗಿರಿ, ರಾಯಚೂರು, ಕಲಬುರಗಿಗಳ ಕಡೆಯಿಂದ ಸಂಸಾರಸಮೇತರಾಗಿ ಬಂದವರ ಮಕ್ಕಳೇ ನಮ್ಮ ತರಗತಿಯ ಅರ್ಧ. ಮಿಕ್ಕವರಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರೂ ಉಂಟು. ಗಾರೆ ಕೆಲಸದವರ ಮಕ್ಕಳ ವಿಶೇಷವೇನೆಂದರೆ, ಅವರು ಜೂನ್ ತಿಂಗಳಲ್ಲಿಯೇ ಬರುತ್ತಾರೆಂಬ ನಿಯಮವಿಲ್ಲ, ಮಾರ್ಚಿಯವರೆಗೆ ಇರುತ್ತಾರೆಂಬ ಭರವಸೆಯೂ ಇಲ್ಲ. ಕಟ್ಟಡದ ತಾರಸಿ ಮುಗಿದು ಮೇಸ್ತ್ರಿಯು ಬೇರೆಡೆಗೆ ಕೆಲಸ ಹಿಡಿದನೆಂದರೆ, ಸೋಮವಾರದ ಹಾಜರಿಯಲ್ಲಿ ಆ ಹೆಸರಿಗೆ ಉತ್ತರ ಬರುವುದಿಲ್ಲ.

1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂಬ ಸಂಗತಿಯನ್ನು ಪ್ರತಿ ಸೆಪ್ಟೆಂಬರ್ 5ರಂದು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಅಲ್ಲಿ ಹೊರಟವರು ಗುರುಗಳು, ಬೀಳ್ಕೊಟ್ಟವರು ಶಿಷ್ಯರು. ನಮ್ಮ ಶಾಲೆಯಲ್ಲಿ ಉಪಾಧ್ಯಾಯನು ಇದ್ದಲ್ಲಿಯೇ ಇರುತ್ತಾನೆ. ಶಿಷ್ಯನು ಬೀಳ್ಕೊಡುಗೆಯಿಲ್ಲದೆ ಹೊರಟುಹೋಗುತ್ತಾನೆ. ಈ ವೃತ್ತಿಯಲ್ಲಿ ಅತ್ಯಂತ ಕಷ್ಟವಾದದ್ದು ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಪವೇತನವಾಗಲಿ, ಉತ್ತರಪತ್ರಿಕೆಗಳ ಮೌಲ್ಯಮಾಪನದ ದಣಿವಾಗಲಿ, ಗಂಟಲು ಕಟ್ಟುವುದಾಗಲಿ ಇದರ ಮುಂದೆ ದೊಡ್ಡದಲ್ಲ. ಇಟ್ಟ ಬೀಜವು ಮೊಳೆಯಿತೇ ಎಂದು ನೋಡುವ ಮೊದಲೇ ಹೊಲವೇ ಎದ್ದು ಬೇರೆ ಊರಿಗೆ ಹೋದರೆ ರೈತನು ಏನು ಮಾಡಬೇಕು?

ಈ ಪ್ರಶ್ನೆಗೆ ನಾನು ಕಂಡುಕೊಂಡ ಮೊದಲ ಉತ್ತರವು ನನ್ನ ಪಾಠದ ಕ್ರಮವನ್ನೇ ಬದಲಿಸಿತು. ತರಬೇತಿ ಕಾಲೇಜಿನಲ್ಲಿ ನಮಗೆ ಪಾಠಟಿಪ್ಪಣಿಯನ್ನು ಘಟಕಗಳಾಗಿ ಬರೆಯಲು ಕಲಿಸಿದ್ದರು: ಇಂದು ಪೀಠಿಕೆ, ನಾಳೆ ವಿಷಯ, ನಾಡಿದ್ದು ಅಭ್ಯಾಸ, ವಾರದ ಕೊನೆಗೆ ಕಿರುಪರೀಕ್ಷೆ. ವರ್ಷಪೂರ್ತಿ ಕುಳಿತಿರುವ ಮಕ್ಕಳಿಗೆ ಅದು ಯುಕ್ತವಾದ ಕ್ರಮವೇ. ಆದರೆ ನಾಳೆ ಬರುವನೋ ಇಲ್ಲವೋ ಎಂದು ತಿಳಿಯದ ಮಗುವಿಗೆ ಪೀಠಿಕೆಯನ್ನಷ್ಟೆ ಕೊಟ್ಟು ಕಳುಹಿಸಿದರೆ ಅವನಿಗೆ ಸಿಕ್ಕಿದ್ದೇನು? ಆದ್ದರಿಂದ ಪ್ರತಿಯೊಂದು ಪೀರಿಯಡ್ಡೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು, ಗಂಟೆ ಹೊಡೆಯುವ ಹೊತ್ತಿಗೆ ಮಗುವಿನ ಕೈಯಲ್ಲಿ ಅಂದಿನ ಮಟ್ಟಿಗೆ ಮುಗಿದ ಒಂದು ವಿಷಯವಿರಬೇಕು ಎಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆನು. ಇದು ಹೇಳಿದಷ್ಟು ಸುಲಭವಲ್ಲ. ಬೀಜಗಣಿತದಲ್ಲಂತೂ ಹಲವು ಸಲ ಅಸಾಧ್ಯ. ಆದರೂ ಈ ನಿಯಮದಿಂದ, ಹೋಗುವವರಿಗೆಂತೋ ಅಂತೆ ಉಳಿಯುವವರಿಗೂ ಪಾಠವು ತಿಳಿಯಾಯಿತು.

ಒಂದು ಪೀರಿಯಡ್ಡಿನ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಎಂಟನೆಯ ತರಗತಿಯಲ್ಲಿ ವರ್ಗ ಮತ್ತು ವರ್ಗಮೂಲಗಳ ಅಧ್ಯಾಯ. ಪೈಥಾಗೊರಸ್‌ನ ತ್ರಿವಳಿಗಳ ಭಾಗಕ್ಕೆ ಬಂದು, ಮೂರರ ವರ್ಗವನ್ನೂ ನಾಲ್ಕರ ವರ್ಗವನ್ನೂ ಕೂಡಿಸಿದರೆ ಐದರ ವರ್ಗ ಬರುತ್ತದೆಂದು ಕಪ್ಪುಹಲಗೆಯ ಮೇಲೆ ಬರೆದೆನು. ಹಿಂದಿನ ಬೆಂಚಿನಲ್ಲಿ ಸದಾ ಮೌನವಾಗಿ ಕೂರುತ್ತಿದ್ದ ಯಾದಗಿರಿಯ ಕಡೆಯ ಹುಡುಗನು ತಟ್ಟನೆ ಎದ್ದುನಿಂತು, "ಸರ್, ನಮ್ಮಪ್ಪ ಪಾಯ ಹಾಕೋ ಮುಂದ ಇದನ್ನೇ ಮಾಡ್ತಾನ್ರೀ" ಎಂದನು. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆನು. ಅವನು ಮೂಲೆಯಲ್ಲಿ ಒಂದು ಗೂಟ ನೆಟ್ಟು, ಅದರಿಂದ ಎರಡು ದಿಕ್ಕಿಗೆ ಹುರಿ ಎಳೆಸಿ, ಒಂದರ ಮೇಲೆ ಮೂರು ಅಡಿಗೂ ಇನ್ನೊಂದರ ಮೇಲೆ ನಾಲ್ಕು ಅಡಿಗೂ ಸೀಮೆಸುಣ್ಣದಿಂದ ಗುರುತು ಮಾಡಿ, ಆ ಗುರುತುಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದನು. ಐದಕ್ಕಿಂತ ಎರಡು ಅಂಗುಲ ಹೆಚ್ಚು ಬಂತು. "ಹೆಚ್ಚು ಬಂದ್ರ ಮೂಲಿ ಬಿಚ್ಕೊಂಡೈತಿ ಅಂತ, ಕಡಿಮಿ ಬಂದ್ರ ಮುಚ್ಕೊಂಡೈತಿ" ಎನ್ನುತ್ತ ಹುರಿಯ ತುದಿಯನ್ನು ಒಳಕ್ಕೆ ಸರಿಸಿದನು. ಸರಿಯಾಗಿ ಐದು ಅಡಿ. ಅವನ ಕೈಗಳಲ್ಲಿ ತಡವರಿಕೆಯೆಂಬುದೇ ಇರಲಿಲ್ಲ.

ಅಧಿಕಕೋನವೆಂದೂ ಲಘುಕೋನವೆಂದೂ ನಾನು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದ ವಿಷಯವನ್ನು, ಬಿಚ್ಚಿಕೊಂಡ ಮೂಲೆ ಮುಚ್ಚಿಕೊಂಡ ಮೂಲೆಗಳೆಂದು ಆ ಹುಡುಗನು ಕಣ್ಣಿನಿಂದ ಬಲ್ಲವನಾಗಿದ್ದನು. ಒಬ್ಬ ಹುಡುಗಿಯು, ಆರು ಎಂಟು ಹತ್ತು ಇಟ್ಟರೂ ಆಗುವುದೇ ಎಂದು ಕೇಳಿದಳು. ಅಳೆದು ನೋಡಿದರು, ಆಯಿತು. ಐದು ಹನ್ನೆರಡು ಹದಿಮೂರನ್ನು ಎಳೆಯಲು ಹೋದಾಗ ಹುರಿಯು ಕಾಂಪೌಂಡಿನ ಗೋಡೆಯನ್ನು ಮುಟ್ಟಿತು. ಪೈಥಾಗೊರಸನಿಗಿಂತ ಹಿಂದೆಯೇ ನಮ್ಮ ಶುಲ್ಬಸೂತ್ರಕಾರರು ಯಜ್ಞವೇದಿಕೆಯ ಮೂಲೆಗಳನ್ನು ಇಂಥ ಹಗ್ಗದಿಂದಲೇ ನಿರ್ಣಯಿಸುತ್ತಿದ್ದರೆಂದೂ, ಬೌಧಾಯನನ ಹೆಸರಿನ ಸೂತ್ರಗಳಲ್ಲಿ ಈ ಪ್ರಮೇಯವೇ ಹೇಳಲ್ಪಟ್ಟಿದೆಯೆಂದೂ ಅಲ್ಲಿಯೇ ಹೇಳಿದೆನು. ಅಪ್ಪನ ಕಸುಬು ಶಾಸ್ತ್ರದೊಡನೆ ಒಂದೇ ಸಾಲಿನಲ್ಲಿ ನಿಂತದ್ದನ್ನು ಕೇಳಿ ಆ ಹುಡುಗನ ಮುಖದಲ್ಲಿ ಮೂಡಿದ ಗಾಂಭೀರ್ಯವನ್ನು ನಾನು ಇಂದಿಗೂ ಬಲ್ಲೆನು. ಗಂಟೆ ಹೊಡೆಯುವಾಗ ನಲವತ್ತು ಮಕ್ಕಳ ಕೈಯಲ್ಲಿಯೂ ಮುಗಿದ ಒಂದು ವಿಷಯವಿತ್ತು.

ಉಪಾಧ್ಯಾಯರಿಗೆ ಶಾಲೆಯ ಹೊರಗಿನ ಕೆಲಸಗಳ ಹೊರೆಯ ವಿಚಾರವಾಗಿ ನಮ್ಮವರು ಆಡುವ ಮಾತು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣವು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ—ಈ ಮೂರನ್ನು ಬಿಟ್ಟು ಬೇರಾವ ಕೆಲಸಕ್ಕೂ ಅವರನ್ನು ಹಚ್ಚಕೂಡದೆನ್ನುತ್ತದೆ. ಆ ಮೂರೇ ಸಾಕಷ್ಟು ಭಾರವಾದುವು. ಆದರೆ 2011ರ ಜನಗಣತಿಯಲ್ಲಿ ಗಣತಿದಾರನಾಗಿ ಜೆ.ಪಿ. ನಗರದ ಬೀದಿಗಳನ್ನು ಸುತ್ತಿದ್ದು ನನಗೆ ಉಪಕಾರವನ್ನೇ ಮಾಡಿತು. ಕಟ್ಟಡಗಳ ಹಿಂದಿನ ತಗಡಿನ ಶೆಡ್ಡುಗಳ ಒಳಗೆ ಹೋಗಿ ಕುಳಿತಾಗ, ನಮ್ಮ ಮಕ್ಕಳು ಮನೆಕೆಲಸದ ಲೆಕ್ಕಗಳನ್ನು ಯಾವ ಬೆಳಕಿನಲ್ಲಿ ಮಾಡುತ್ತಾರೆ, ತಾಯಿಯು ಕೆಲಸಕ್ಕೆ ಹೋದಾಗ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ತಿಳಿದುಬಂತು. ಮನೆಕೆಲಸ ತರದ ಮಗುವನ್ನು ಏನೆಂದು ಕೇಳಬೇಕೆಂಬುದೂ ಅಲ್ಲಿಯೇ ತಿಳಿಯಿತು. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದ ನಮ್ಮ ತರಗತಿಯ ಹುಡುಗಿಯೊಬ್ಬಳು, "ಒಳಗ ಬರ್ರಿ ಸರ್" ಎಂದು ಬಕೆಟ್ಟನ್ನು ಬೋರಲು ಹಾಕಿ ನನಗೆ ಕೂರಲು ಕೊಟ್ಟಳು.

ಮೇಲೆ ಹೇಳಿದ ಕಾಯಿದೆಯ 5ನೆಯ ಪ್ರಕರಣವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಎಂಟನೆಯ ತರಗತಿಯವರೆಗಿನ ಮಗುವು ಬೇರೆ ಶಾಲೆಗೆ ಹೋಗಲು ಇಚ್ಛಿಸಿದರೆ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡತಕ್ಕದ್ದು. ಆ ಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಹೊಸ ಶಾಲೆಯು ಸೇರಿಸಿಕೊಳ್ಳುವುದನ್ನು ತಡಮಾಡಕೂಡದು, ನಿರಾಕರಿಸಲೂಕೂಡದು. ವಲಸೆಯ ಸಂಸಾರಗಳಿಗೆ ಇದಕ್ಕಿಂತ ಉಪಯುಕ್ತವಾದ ವಾಕ್ಯವು ಆ ಕಾಯಿದೆಯಲ್ಲಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಆದರೆ ಟಿ.ಸಿ.ಯಲ್ಲಿ ಜನ್ಮದಿನಾಂಕವಿರುತ್ತದೆ, ತರಗತಿಯಿರುತ್ತದೆ, ನಡತೆ ತೃಪ್ತಿಕರವೆಂದಿರುತ್ತದೆ. ಮಗುವಿಗೆ ಏನು ಬರುತ್ತದೆಂಬುದು ಮಾತ್ರ ಇರುವುದಿಲ್ಲ. ಆದಕಾರಣ, ಊರಿಗೆ ಹೋಗುವ ಸುದ್ದಿಯು ಒಂದು ದಿನ ಮುಂಚೆ ತಿಳಿದರೂ ಸಾಕು, ಮಗುವಿನ ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ, ಮುಂದೆ ಅದನ್ನು ತೆರೆಯಲಿರುವ ಉಪಾಧ್ಯಾಯರಿಗೆ ನಾನು ಒಂದು ಚೀಟಿಯನ್ನು ಬರೆದು ಅಂಟಿಸುವುದನ್ನು ರೂಢಿ ಮಾಡಿಕೊಂಡೆನು: ಇಷ್ಟು ಅಧ್ಯಾಯ ಮುಗಿದಿದೆ, ಭಿನ್ನರಾಶಿಯಲ್ಲಿ ಗಟ್ಟಿ, ಋಣಸಂಖ್ಯೆಗಳಲ್ಲಿ ಎಡವುತ್ತಾನೆ, ಹಲಗೆಯಲ್ಲಿ ತಿಳಿಯದಿದ್ದರೆ ಹುರಿಯಿಂದ ತೋರಿಸಿ, ಕೂಡಲೆ ಗ್ರಹಿಸುತ್ತಾನೆ. ನನ್ನ ಸಹೋದ್ಯೋಗಿಗಳಲ್ಲಿ ಕನ್ನಡದವರೂ ವಿಜ್ಞಾನದವರೂ ತಮ್ಮ ಎರಡೆರಡು ಸಾಲುಗಳನ್ನು ಅದಕ್ಕೆ ಸೇರಿಸುವುದಾಯಿತು.

ಈ ಚೀಟಿಗಳಿಗೆ ಉತ್ತರವನ್ನು ನಿರೀಕ್ಷಿಸಿದವನಲ್ಲ. ಸೆಪ್ಟೆಂಬರಿನಲ್ಲಿ ಮಕ್ಕಳು ಕೊಡುವ ಗುಲಾಬಿಯನ್ನೂ, ಎಂದೋ ಕಲಿತುಹೋದವರು ಜಯನಗರದ ನಾಲ್ಕನೆಯ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಗುರುತು ಹಿಡಿದು ಕಾಲುಮುಟ್ಟಿ ನಮಸ್ಕರಿಸುವುದನ್ನೂ ನಾನು ಸಂತೋಷದಿಂದಲೇ ಸ್ವೀಕರಿಸಿದ್ದೇನೆ. ಆದರೆ ನನ್ನ ಕೆಲಸವನ್ನು ಅದರ ಒಳಗಿನಿಂದ ಬಲ್ಲವರೊಬ್ಬರು ಮೆಚ್ಚಿದ್ದು ಒಂದು ಅಂಚೆಕಾರ್ಡಿನಲ್ಲಿ. ಪಾಯದ ಮೂಲೆಯನ್ನು ತೋರಿಸಿದ ಹುಡುಗನು ಡಿಸೆಂಬರಿನಲ್ಲಿ ಊರಿಗೆ ಹೋದ ಕೆಲವು ವಾರಗಳ ಮೇಲೆ, ಯಾದಗಿರಿ ಜಿಲ್ಲೆಯ ಹಳ್ಳಿಯ ಶಾಲೆಯಿಂದ, ನಾನು ಎಂದೂ ಕಾಣದ ಗಣಿತದ ಉಪಾಧ್ಯಾಯರೊಬ್ಬರು ಅದನ್ನು ಬರೆದಿದ್ದರು: "ಹುಡುಗನನ್ನು ಸೇರಿಸಿಕೊಂಡಿದ್ದೇವೆ. ವರ್ಗಮೂಲ ನೀವು ಬರೆದಷ್ಟೂ ಬರುತ್ತದೆ. ಹುರಿಯ ಲೆಕ್ಕವನ್ನು ನಮ್ಮ ಮಕ್ಕಳಿಗೂ ಮಾಡಿ ತೋರಿಸಿದ. ಘನಮೂಲದಿಂದ ನಾನು ಮುಂದುವರಿಸಿದ್ದೇನೆ. ಟಿ.ಸಿ. ಇನ್ನೂ ತಲುಪಿಲ್ಲ, ಕಳುಹಿಸಿಕೊಡಿ." ಕಾರ್ಡನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಅಂದೇ ಟಿ.ಸಿ. ಬರೆಯಿಸಿ, ಸಂಜೆಯ ಒಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ರವಾನಿಸಿದೆವು.